ಅವ್ವ ಕುಟ್ಟಿದ ಅರಿಶಿನ

ನಮ್ಮ ಅಪ್ಪ ಅವ್ವನ ಮದುವೆಯನ್ನು ತಪ್ಪಿಸಿದವಳು ನಾನು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಈ ಮಾತನ್ನು ಹೇಳಿ ಹೇಳಿ ನಗುತ್ತಿದ್ದ. ಅವ್ವ ಸೌಟು ಎತ್ತಿಕೊಂಡು ಗದರುತ್ತಿದ್ದಳು. ಮನೆಯಲ್ಲಿ ದಿನವೂ ನಡೆಯುವ ನೂರು ತಮಾಷೆಗಳಲ್ಲಿ ಇದೂ ಒಂದು ಎಂದುಕೊಂಡೇ ನಾನು ಬೆಳೆದೆ. ನನ್ನ ಮದುವೆಯ ಮಾತು ಎದ್ದಾಗಲೇ ಗೊತ್ತಾಗಿದ್ದು, ಅಪ್ಪ ಹೇಳುತ್ತಿದ್ದುದು ಅಕ್ಷರಶಃ ನಿಜ ಎಂದು.

ಅಪ್ಪನದು ಕಟ್ಟಾಯದ ಹತ್ತಿರದ ಹಳ್ಳಿ. ಅವ್ವ ಸಾಲಗಾಮೆ ಕಡೆಯವಳು. ಇಬ್ಬರಿಗೂ ಮದುವೆ ಗೊತ್ತಾಗಿ, ಎಲೆ ಅಡಿಕೆ ಬದಲಾಯಿಸಿ, ಅಪ್ಪನ ಮನೆ ಮುಂದೆ ಚಪ್ಪರಕ್ಕೆ ಕಂಬ ನೆಟ್ಟಿದ್ದರಂತೆ. ಅಷ್ಟರಲ್ಲಿ ಊರಿನಲ್ಲಿ ಇಲಿ ಬಿದ್ದವು. ಆಗಿನ ಕಾಲದಲ್ಲಿ ಇಲಿ ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಜನ ಮನೆಗೆ ಬೀಗ ಜಡಿದು, ಮಡಕೆ ಕುಡಿಕೆ ಹೊತ್ತುಕೊಂಡು ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಮದುವೆ ಚಪ್ಪರದ ಕಂಬಗಳನ್ನೇ ಕಿತ್ತುಕೊಂಡು ಹೋಗಿ ಅಪ್ಪ ಗುಡಿಸಲಿಗೆ ನೆಟ್ಟ. ಆ ಗುಡಿಸಲಿನಲ್ಲೇ ನಮ್ಮ ತಾತ ತೀರಿಕೊಂಡ, ಅಜ್ಜಿ ಹಾಸಿಗೆ ಹಿಡಿದಳು. ಗಂಜಿ ಕಾಯಿಸಿ ಕೊಡಲು ಮನೆಯಲ್ಲಿ ಇನ್ನೊಂದು ಹೆಣ್ಣು ದಿಕ್ಕಿರಲಿಲ್ಲ. ಸುದ್ದಿ ತಿಳಿದು ಅವ್ವನ ಅಣ್ಣ ನೋಡಿಬರಲು ಗಾಡಿ ಕಟ್ಟಿದಾಗ ಅವ್ವ ತಾನೂ ಹತ್ತಿ ಕೂತಳು. ಎಲ್ಲರೂ ಬೇಡವೆಂದರು. ಬೇಡವೆಂದರೆ ಕೇಳುವ ಹೆಣ್ಣಾಗಿದ್ದರೆ ನಾನು ಈ ಕತೆ ಬರೆಯಬೇಕಾಗಿರಲಿಲ್ಲ.

ಅಜ್ಜಿ ಬದುಕಿಕೊಂಡಳು. ಅವ್ವ ಅಲ್ಲೇ ಉಳಿದಳು. ತಾತ ಸತ್ತ ವರ್ಷ ಕಳೆಯುವವರೆಗೆ ಮದುವೆ ಬೇಡವೆಂದರು. ವರ್ಷ ಕಳೆದು ಮುಹೂರ್ತ ನೋಡುವ ಹೊತ್ತಿಗೆ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಹೊಟ್ಟೆ ಹೊತ್ತುಕೊಂಡು ಹಸೆಮಣೆ ಏರುವುದಿಲ್ಲ ಎಂದು ಅವ್ವ ಖಂಡಿತವಾಗಿ ಹೇಳಿಬಿಟ್ಟಳು. ನಾನು ಹುಟ್ಟಿದ ಮೇಲೆ ಮಗು ಎತ್ತಿಕೊಂಡು ಏರುವುದು ಇನ್ನೂ ನಗೆಪಾಟಲು. ಆಮೇಲೆ ರಾಗಿ ಕೊಯ್ಲು ಬಂತು, ಆಮೇಲೆ ತಮ್ಮ ಹುಟ್ಟಿದ, ತಂಗಿ ಹುಟ್ಟಿದಳು, ಆಮೇಲೆ ಯಾರಿಗೂ ನೆನಪೇ ಆಗಲಿಲ್ಲ. ಮದುವೆಗೆಂದು ಮಾಡಿಸಿದ್ದ ತಾಳಿ ಅಕ್ಕಸಾಲಿಗನ ಹತ್ತಿರವೇ ಬಿದ್ದಿತ್ತಂತೆ. ಅಪ್ಪ ಒಂದು ದಿನ ಅದನ್ನು ತಂದು ದೇವರ ಮುಂದೆ ಇಟ್ಟು ಎತ್ತು ಬಿಚ್ಚಲು ಹೋದ. ಅವ್ವ ಸ್ನಾನ ಮಾಡಿ ಬಂದು ತಾನೇ ಕಟ್ಟಿಕೊಂಡಳು. ಕಟ್ಟಿದವರು ಯಾರು ಎಂದು ಕೇಳಿದರೆ ಅಪ್ಪ, "ನಾನು ಕೊಟ್ಗೇಲಿದ್ದೆ ಕಣವ್ವ, ನನ್ನ ಕೇಳ್ಬ್ಯಾಡ" ಎನ್ನುತ್ತಿದ್ದ.

ನಾನು ಚಿಕ್ಕವಳಿದ್ದಾಗಲೇ ನಾವು ಹೊಳೆನರಸೀಪುರಕ್ಕೆ ಬಂದೆವು. ಅಪ್ಪ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದಿದ್ದ. ಹೊಳೆಗೆ ಇಳಿಯುವ ಬೀದಿಯಲ್ಲಿ ನಮ್ಮ ಮನೆ. ಅಟ್ಟದ ತುಂಬ ಕೊಬ್ಬರಿ. ಮನೆಗೆ ಬಂದವರು ಬಾಗಿಲಲ್ಲೇ ಮೂಗು ಅರಳಿಸುತ್ತಿದ್ದರು. ನನ್ನ ಜಡೆಗೂ ಅದೇ ವಾಸನೆ, ಪುಸ್ತಕಕ್ಕೂ ಅದೇ ವಾಸನೆ, ಶಾಲೆಯಲ್ಲಿ ಪಕ್ಕದ ಹುಡುಗಿ ನನ್ನ ಸ್ಲೇಟು ಮೂಸಿ ನೋಡಿ ಚಟ್ನಿ ಕೇಳುತ್ತಿದ್ದಳು. ಬಾಲ್ಯ ಎಂದರೆ ನನಗೆ ನೆನಪಾಗುವುದು ಸುಖವೇ. ಅಪ್ಪ ಅವ್ವ ಜಗಳ ಆಡಿದ್ದನ್ನು ಕಂಡಿದ್ದೇನೆ, ಮುನಿಸಿಕೊಂಡು ಮಲಗಿದ್ದನ್ನು ಕಾಣೆ. ನಮ್ಮ ಬೀದಿಯ ಹೆಂಗಸರಿಗೆ ಅವ್ವ ಅಕ್ಕನಾಗಿದ್ದಳು, ಅತ್ತಿಗೆಯಾಗಿದ್ದಳು. ಅವರ ಮದುವೆ ಯಾವಾಗ ಆಯಿತು ಎಂದು ಯಾರೂ ಕೇಳಲಿಲ್ಲ. ಮೂರು ಮಕ್ಕಳನ್ನು ಮುಂದಿಟ್ಟುಕೊಂಡು ಬಂದ ಗಂಡ ಹೆಂಡಿರನ್ನು ಯಾರು ತಾನೇ ಅದನ್ನು ಕೇಳುತ್ತಾರೆ?

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ಮದುವೆಮನೆಯ ಮೊದಲ ಕೆಲಸ ಅರಿಶಿನ ಕುಟ್ಟುವುದು. ಒನಕೆಗೆ ಎಲೆ ಅಡಿಕೆ ಕಟ್ಟಿ ಪೂಜೆ ಮಾಡಿ, ಮುತ್ತೈದೆಯರು ಸೋಬಾನೆ ಹೇಳುತ್ತ ಒರಳಿನಲ್ಲಿ ಅರಿಶಿನದ ಕೊಂಬು ಕುಟ್ಟುತ್ತಾರೆ. ಮದುಮಕ್ಕಳ ಮೈಗೆ ಹಚ್ಚುವುದೂ ಆ ಅರಿಶಿನವೇ, ತಾಳಿಯ ದಾರ ನೆನೆಸುವುದೂ ಅದರಲ್ಲೇ. ಮೊದಲ ಒನಕೆ ಹಾಕುವವಳು ಗಂಡ ಇದ್ದವಳಾಗಿರಬೇಕು, ಹೆತ್ತ ಮಕ್ಕಳೆಲ್ಲ ಬದುಕಿರುವವಳಾಗಿರಬೇಕು. ಪ್ಲೇಗು, ಸಿಡುಬು, ಚಳಿಜ್ವರ ಎಲ್ಲ ಮನೆ ಹೊಕ್ಕು ಹೋಗುತ್ತಿದ್ದ ಆ ಕಾಲದಲ್ಲಿ ಅಂಥ ಹೆಂಗಸನ್ನು ಹುಡುಕಬೇಕಾಗುತ್ತಿತ್ತು. ನಮ್ಮ ಅವ್ವನ ಒಂದು ಮಗುವೂ ಹೋಗಿರಲಿಲ್ಲ. ಹಾಗಾಗಿ ನೆಂಟರಲ್ಲಿ ಯಾರ ಮನೆ ಮದುವೆಯಾದರೂ, ಚನ್ನರಾಯಪಟ್ಟಣದ ಕಡೆಯಿಂದಲೂ, ಅವ್ವನಿಗೆ ಗಾಡಿ ಬರುತ್ತಿತ್ತು. ಅವಳು ಹೋಗಿ ಮೊದಲ ಒನಕೆ ಹಾಕಿ, ಮಡಿಲಕ್ಕಿ ತುಂಬಿಸಿಕೊಂಡು, ಕೈಯೆಲ್ಲ ಹಳದಿ ಮಾಡಿಕೊಂಡು ವಾಪಸು ಬರುತ್ತಿದ್ದಳು. ಆ ಕೈಯಲ್ಲಿ ಕಲೆಸಿ ಕೊಟ್ಟ ಅನ್ನ ಸ್ವಲ್ಪ ಕಹಿ ಇರುತ್ತಿತ್ತು. ನಾವು ಗೊಣಗಿಕೊಂಡೇ ತಿನ್ನುತ್ತಿದ್ದೆವು.

ಯುದ್ಧ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆಗೂ ಚೀಟಿ. ಆಗ ನನಗೆ ಅರಕಲಗೂಡಿನಿಂದ ಸಂಬಂಧ ಬಂತು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನೋಡಲು ಬಂದಾಗ ತಲೆ ಎತ್ತದೆ ಪಾನಕ ಕುಡಿದು, ಲೋಟ ಇಡುವಾಗ ಮಾತ್ರ ನನ್ನ ಕಡೆ ಒಂದು ನೋಟ ಕದ್ದರು. ನನಗೆ ಒಪ್ಪಿಗೆಯಾಯಿತು. ಅವರ ಜೊತೆ ಅವರ ಅಪ್ಪ ಬಂದಿದ್ದರು, ಸಾಧು ಮನುಷ್ಯ. ಸೋದರತ್ತೆಯೂ ಬಂದಿದ್ದರು. ಆಕೆಗೆ ಸಾಧು ಎನ್ನುವ ಮಾತು ಹೊಂದುವುದಿಲ್ಲ.

ಊಟಕ್ಕೆ ಕೂತಾಗ ಸೋದರತ್ತೆ ಬಳಗ ಹುಡುಕುವುದಕ್ಕೆ ಶುರು ಮಾಡಿದರು. ಯಾರು ಯಾರಿಗೆ ಏನಾಗಬೇಕು, ಯಾರ ಮನೆ ಹೆಣ್ಣು ಯಾರ ಮನೆಗೆ ಬಂತು ಎಂದು ಬಿಡಿಸುತ್ತ ಬಿಡಿಸುತ್ತ ಅವ್ವನನ್ನು ಕೇಳಿದರು:

"ನಿಮ್ಗೆ ಧಾರೆ ಎಲ್ಲಾಯ್ತವ್ವ? ಕಟ್ಟಾಯದಲ್ಲೋ, ಸಾಲಗಾಮೇಲೋ? ಸಾಲಗಾಮೆ ಮದ್ವೆಗೆಲ್ಲಾ ನಮ್ಮ ದೊಡ್ಡವ್ವ ಓಗ್ತಿದ್ಳು."

ಅವ್ವ ಸಾರು ಬಡಿಸುತ್ತಿದ್ದಳು. ಸೌಟು ನಿಲ್ಲಿಸಲೂ ಇಲ್ಲ. "ನಮ್ಗೆ ಧಾರೆ ಆಗ್ನಿಲ್ಲ ಕಣಕ್ಕ. ಪ್ಲೇಗು ಬಂದ್ಬುಡ್ತು" ಎಂದಳು.

ಅಪ್ಪ ಕೆಮ್ಮಿದ. ಸೋದರತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟರು. "ಆಮ್ಯಾಕೆ ಮಾಡ್ಕಂಡ್ರಾ?"

"ಆಮ್ಯಾಕೆ ಇವ್ಳುಟ್ಟಿದ್ಲು" ಎಂದು ಅವ್ವ ನನ್ನ ಕಡೆ ಸೌಟು ತೋರಿಸಿದಳು.

ಅವರು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈ ವಯಸ್ಸಿನಲ್ಲೂ ಇಳಿದಿಲ್ಲ. ಸುಮ್ಮನೆ ಸಾಲಗಾಮೆ ಅಂದಿದ್ದರೆ ಏನಾಗುತ್ತಿತ್ತು, ಆ ದೊಡ್ಡವ್ವ ಬಂದು ಸಾಕ್ಷಿ ಹೇಳುತ್ತಿದ್ದಳೇ ಎಂದು ಕೂಗಾಡಿದೆ. ಅವ್ವ ಪಾತ್ರೆ ತಿಕ್ಕುತ್ತ, "ಅವ್ರು ಕೇಳುದ್ರು, ನಾನು ಏಳ್ದೆ. ಕದ್ದು ಬದುಕಿದ್ವಾ ನಾವು?" ಎಂದಳು, ಅಷ್ಟೇ.

ವಾರದೊಳಗೆ ಅರಕಲಗೂಡಿನಿಂದ ಮಾತು ಬಂತು. ಹುಡುಗನ ಅಪ್ಪ ಮೆತ್ತಗೆ ಹೇಳಿ ಕಳಿಸಿದ್ದರು. ಹೆಣ್ಣು ಒಪ್ಪಿಗೆಯೇ. ಆದರೆ ಮಗಳನ್ನು ಧಾರೆ ಎರೆದು ಕೊಡುವವರು ಧಾರೆ ಆದ ಗಂಡ ಹೆಂಡಿರಾಗಿರಬೇಕಲ್ಲ? ಚಿಕ್ಕಪ್ಪ ಚಿಕ್ಕಮ್ಮ ಎರೆದರೂ ಆದೀತು ಎಂದು ಅವರು. ಅದಕ್ಕೆ ಸೋದರತ್ತೆ, ಧಾರೆ ಯಾರಾದರೂ ಎರೆಯಲಿ, ಹುಡುಗಿಯ ಅಪ್ಪ ಅವ್ವ ಗಂಡ ಹೆಂಡಿರು ಹೌದೋ ಅಲ್ಲವೋ ಮೊದಲು ಅದು ಇತ್ಯರ್ಥವಾಗಲಿ ಎಂದು ಹಠ ಹಿಡಿದಿದ್ದರು. ಕಟ್ಟೆಮನೆಯಲ್ಲಿ ಕೇಳೋಣ ಎಂದರು. ಕಟ್ಟೆಮನೆ ಎಂದರೆ ನಮ್ಮ ಜನದ ನ್ಯಾಯ ಕೂರುವ ಜಾಗ. ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ, ಯಜಮಾನರ ಮನೆ ಜಗಲಿಯಲ್ಲಿ. ಅಲ್ಲಿ ಅಲ್ಲ ಎಂದುಬಿಟ್ಟರೆ ನನ್ನ ಮದುವೆ ಮುರಿಯುವುದು ಒಂದು ಕಡೆ, ಅಷ್ಟು ವರ್ಷ ಬಾಳಿದ ನಮ್ಮವ್ವ ಹೆಂಡತಿಯೇ ಅಲ್ಲವೆಂದಾಗುವುದು ಇನ್ನೊಂದು ಕಡೆ. ನನಗೆ ಅನ್ನ ಇಳಿಯಲಿಲ್ಲ.

ಅಪ್ಪ ಮಾತ್ರ ಧೈರ್ಯವಾಗಿದ್ದ. ಕಟ್ಟೆಮನೆಗೆ ಹೋಗುವ ಮೊದಲು ಸರ್ಕಾರದ ಕಾನೂನು ಏನು ಹೇಳುತ್ತದೆ ತಿಳಿದುಕೊಳ್ಳೋಣ ಎಂದು ಹಾಸನದ ವಕೀಲರೊಬ್ಬರ ಹತ್ತಿರ ಹೊರಟ. ಓದಿದವಳು ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡ. ಆಗ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ನಡೆಯುತ್ತ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಹಾಸನ ಸೇರಿದೆವು. ನಮ್ಮನ್ನು ನೋಡಿ ವಕೀಲರ ಮನೆಯವರು ಮೊದಲು ಮುಖ ತೊಳೆಯಲು ನೀರು ಕೊಟ್ಟರು.

ವಕೀಲರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು. "ಗಂಡ ಹೆಂಡಿರ ಹಾಗೆ ಬಹಳ ಕಾಲ ಒಟ್ಟಿಗೆ ಬಾಳಿದವರನ್ನ, ಸುತ್ತಲಿನ ಜನವೂ ಹಾಗೇ ನಡೆಸಿಕೊಂಡಿದ್ದರೆ, ಮದುವೆಯಾದವರು ಅಂತಲೇ ಕೋರ್ಟು ಹಿಡಿಯುತ್ತೆ. ಆಗಿಲ್ಲ ಅನ್ನೋನು ಆಗಿಲ್ಲ ಅಂತ ಸಾಬೀತು ಮಾಡಬೇಕು. ಅದೇನು ಸುಲಭ ಅಲ್ಲ."

ಅಪ್ಪನ ಮುಖ ಅರಳಿತು. "ಅಂಗಾರೆ ನಾವು ಗೆದ್ದಂಗೇ ಸಾ."

"ಆಗಿಲ್ಲ ಅಂತ ಹೇಳ್ತಿರೋರು ಯಾರು?"

"ನಮ್ಮನೆಯೋಳೇ ಸಾ."

ವಕೀಲರು ನಕ್ಕಿದ್ದು ನೋಡಬೇಕಿತ್ತು. ಒಳಗಿಂದ ಅವರ ಹೆಂಡತಿ ಏನಾಯಿತೆಂದು ಬಂದು ನೋಡಿದರು. "ಇಂಥ ಸಾಕ್ಷಿ ಎದುರು ನಿಂತರೆ ಯಾವ ವಕೀಲನೂ ಉಳಿಯಲ್ಲ. ನೀವು ಕಟ್ಟೆಮನೆಗೇ ಹೋಗಿ" ಎಂದರು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. "ಜನ ಇಷ್ಟು ವರ್ಷ ನಿಮ್ಮನ್ನ ಹೇಗೆ ನಡೆಸಿಕೊಂಡರು ಅನ್ನೋದೇ ಮುಖ್ಯ. ಅದನ್ನ ನೆನಪಿಟ್ಕೊಳ್ಳಿ." ಅಪ್ಪ ನೆನಪಿಟ್ಟುಕೊಳ್ಳಲಿಲ್ಲ. ದಾರಿಯುದ್ದಕ್ಕೂ ನಗುತ್ತಲೇ ಬಂದ. ನಾನು ಅವನ ಜೊತೆ ಮಾತು ಬಿಟ್ಟು ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಕಟ್ಟೆಮನೆಯ ದಿನ ಬಂತು. ಗಂಡಸರು ಜಗಲಿಯ ಮೇಲೆ, ಹೆಂಗಸರು ನಡುಮನೆಯಲ್ಲಿ. ಅವ್ವ ಬಾಗಿಲಿನ ಪಕ್ಕ ಗೋಡೆಗೊರಗಿ ಕೂತಿದ್ದಳು, ನಾನು ಅವಳ ಹಿಂದೆ. ಅರಕಲಗೂಡಿನ ಸೋದರತ್ತೆ ಎದುರಿಗೇ ಕೂತು ನಮ್ಮಿಬ್ಬರನ್ನೂ ಅಳೆಯುತ್ತಿದ್ದರು. ಯಜಮಾನರು ಒಳ್ಳೆಯವರು, ನಿಧಾನದವರು. ಅಪ್ಪನಿಂದ ಕತೆಯನ್ನೆಲ್ಲ ಹೇಳಿಸಿದರು. ಪ್ಲೇಗಿನ ಕಾಲ ನೆನೆದು ಹಿರಿಯರೆಲ್ಲ ತಲೆದೂಗಿದರು. ಒಬ್ಬಿಬ್ಬರು ತಮ್ಮ ಮನೆಯಲ್ಲಿ ಹೋದವರನ್ನು ನೆನೆದರು. ಕೊನೆಗೆ ಯಜಮಾನರು ಒಂದು ದಾರಿ ಹೇಳಿದರು.

"ಆಗಿದ್ದಾಯ್ತು. ಮಗಳ ಧಾರೆ ದಿನ ಒತ್ತಾರೆಗೆ ದೇವಸ್ಥಾನದ ಮುಂದೆ ಒಂದು ಅರಿಶಿನದ ಕೊಂಬು ಕಟ್ಬುಡಪ್ಪ ನಿನ್ನ ಹೆಂಡ್ತಿಗೆ. ಆಮ್ಯಾಕೆ ಇಬ್ರೂ ಕೂತ್ಕಂಡು ಧಾರೆ ಎರೀರಿ."

ಎಲ್ಲರಿಗೂ ಸಮಾಧಾನವಾಯಿತು. ಅಪ್ಪನಂತೂ ಹೊಸ ಮದುಮಗನ ಹಾಗೆ ಮೀಸೆ ಮೇಲೆ ಕೈ ಹಾಕಿದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಗ ನನ್ನ ಮುಂದಿನಿಂದ ಅವ್ವನ ದನಿ ಕೇಳಿತು.

"ಅದು ಆಗಕ್ಕಿಲ್ಲ."

ಅವ್ವ ಎದ್ದು ನಿಂತು, ತಲೆ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ಹೇಳಿದಳು. "ಇವತ್ತು ಕಟ್ಟುಸ್ಕಂಡ್ರೆ ನೆನ್ನೆ ಗಂಟ ನಾನೇನಾಗಿದ್ದೆ? ನನ್ನ ಮಕ್ಳು ಏನಾಗಿದ್ವು? ಗುಡ್ಲಲ್ಲಿ ಅತ್ತೆ ಬಾಯ್ಗೆ ಗಂಜಿ ಉಯ್ದಾಗ ನಾನು ಸೊಸೆ ಅಲ್ವಾ? ಮದ್ವೆ ಆಗ್ನಿಲ್ಲ ಅಂದೆ, ಧಾರೆ ಆಗ್ನಿಲ್ಲ ಅಂದೆ. ಹೆಂಡ್ತಿ ಅಲ್ಲ ಅಂತ ಯಾವತ್ತೂ ಅನ್ನಿಲ್ಲ."

ಆ ಕ್ಷಣ ನನಗೆ ಅವ್ವನ ಬಾಯಿ ಮುಚ್ಚಬೇಕು ಎನಿಸಿತು. ನಿಜ ಹೇಳುತ್ತೇನೆ, ಅವಳ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ಒಂದು ಕೊಂಬು ಕಟ್ಟಿಸಿಕೊಂಡರೆ ಕತ್ತು ಮುರಿಯುತ್ತದೆಯೇ ಎಂದು ಒಳಗೊಳಗೇ ಕುದಿದೆ. ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನ ಕಣ್ಣು ಒದ್ದೆಯಾಗಿದ್ದನ್ನು ಮಾತ್ರ ನೋಡಿದೆ.

ಯಜಮಾನರಿಗೆ ತಮ್ಮ ಮಾತು ಬಿದ್ದುಹೋದದ್ದು ಸರಿಬರಲಿಲ್ಲ. ದನಿ ಏರಿಸಿದರು. "ಹಂಗಾರೆ ನೀವು ಧಾರೆ ಎರೆಯಂಗಿಲ್ಲ ಕಣವ್ವ. ಧಾರೆ ಆಗ್ದೋಳು ಮುತ್ತೈದೆ ಎಂಗಾಯ್ತಾಳೆ?"

ಅಡುಗೆಮನೆಯಲ್ಲಿ ಏನೋ ಠಣ್ಣೆಂದು ಕೆಳಗಿಟ್ಟ ಸದ್ದಾಯಿತು. ಯಜಮಾನರ ಹೆಂಡತಿ ಕೈ ಒರೆಸಿಕೊಳ್ಳುತ್ತ ನಡುಮನೆ ದಾಟಿ ಬಂದರು. ಅದುವರೆಗೆ ಒಂದು ಮಾತೂ ಆಡಿರದ ಹೆಂಗಸು ಆಕೆ.

"ಏನಂದ್ರಿ? ಇನ್ನೊಂದ್ಸಲ ಅನ್ನಿ."

"ನೀನು ಒಳೀಕೆ ಓಗು."

"ಓಗ್ತೀನಿ. ಓಗೋಕೆ ಮುಂಚೆ ಒಂದು ಏಳಿ. ಓದ್ವರ್ಸ ನಮ್ಮ ಹುಡುಗನ ಮದ್ವೇಲಿ ಮೊದ್ಲ ಒನಕೆ ಹಾಕಿದ್ದು ಯಾರು? ನರಸೀಪುರಕ್ಕೆ ಗಾಡಿ ಕಳ್ಸಿ, ಇವಳೇ ಬರ್ಬೇಕು ಅಂತ ಕರೆಸ್ದೋರು ಯಾರು? ನೀವೇ ಅಲ್ವಾ? ಇವಳು ಕುಟ್ಟಿದ ಅರಿಶಿನದಲ್ಲೇ ಅಲ್ವಾ ತಾಳಿ ದಾರ ನೆನೆಸಿದ್ದು? ಇವಳು ಮುತ್ತೈದೆ ಅಲ್ದಿದ್ರೆ ಅದು ಯಾವ ಸೀಮೆ ತಾಳಿ? ನನ್ನ ಸೊಸೆ ತುಂಬಿದ ಬಸುರಿ ಒಳಗೆ ಕೂತವ್ಳೆ. ಅವಳಿಗೆ ನಾನು ಏನಂತ ಏಳ್ಲಿ?"

ಜಗಲಿಯ ಮೇಲಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆ ಪಕ್ಕದಲ್ಲಿದ್ದ ಒಬ್ಬ ಮುದುಕ ಮೆಲ್ಲಗೆ, "ನಮ್ಮ ಕಿರಿ ಮಗಂದೂ ಈವಮ್ಮನೇ ಕುಟ್ಟಿದ್ದು" ಎಂದ. ಇನ್ನೊಬ್ಬರು ಎಲೆಗೆ ಸುಣ್ಣ ಹಚ್ಚತೊಡಗಿದರು, ಆದರೆ ಅವರ ಮೊಮ್ಮಗಳ ಮದುವೆಗೂ ಅವ್ವ ಹೋಗಿದ್ದು ನನಗೆ ನೆನಪಿತ್ತು. ನಡುಮನೆಯಲ್ಲಿ ಹೆಂಗಸರ ನಡುವೆ ಗುಜುಗುಜು ಎದ್ದಿತು. ನಮ್ಮನೆಗೂ ಇವಳೇ, ನಮ್ಮ ನಾದಿನಿಗೂ ಇವಳೇ. ಇವಳ ಮದುವೆ ಅಳಿಸಿದರೆ ಇವರೆಲ್ಲರ ಮನೆಯ ಮದುವೆಯೂ ಅಳಿಸಬೇಕಾಗಿತ್ತು. ಒಳಗಿಂದ ಆ ಬಸುರಿ ಸೊಸೆಯೂ ಬಂದು ಅತ್ತೆಯ ಹಿಂದೆ ನಿಂತಳು. ತನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಯಜಮಾನರು ಬಹಳ ಹೊತ್ತು ಹೊಗೆಸೊಪ್ಪು ಅಗಿದರು. ಎದ್ದು ಹೋಗಿ ಉಗುಳಿ ಬಂದರು. ಆಮೇಲೆ ಅವ್ವನ ಕಡೆ ನೋಡದೆ ಹೇಳಿದರು. "ನಾವೇ ಕರ್ದು ಒನಕೆ ಕೊಟ್ಟಿದ್ದೀವಿ. ಅರಿಶಿನಕ್ಕೆ ಆದೋಳು ಧಾರೆಗೂ ಆಯ್ತಾಳೆ. ಏನ್ ನಿಂತ್ಕಂಡು ನೋಡ್ತಿದ್ದೀರಿ, ಎಲೆ ಅಡಿಕೆ ತನ್ನಿ."

ಸೋದರತ್ತೆ ಎಲ್ಲರಿಗಿಂತ ಮೊದಲು ಎಲೆ ಅಡಿಕೆ ತಟ್ಟೆಗೆ ಕೈ ಹಾಕಿದರು. "ನಾನೆಲ್ಲಿ ಬ್ಯಾಡ ಅಂದೆ? ಅರಿಶಿನದ ಮಾತು ನಂಗ್ಯಾರು ಏಳಿದ್ರು?" ಎಂದು ಸುತ್ತಲೂ ನೋಡಿ ಕೇಳಿದರು. ಆಮೇಲೆ ಅವ್ವನ ಪಕ್ಕಕ್ಕೆ ಸರಿದು, ತಮ್ಮ ಮೈದುನನ ಮಗಳ ಮದುವೆ ಇದೆಯೆಂದೂ, ಅವ್ವನೇ ಅರಕಲಗೂಡಿಗೆ ಬಂದು ಒನಕೆ ಹಾಕಬೇಕೆಂದೂ ಆಗಲೇ ಕೇಳಿಕೊಂಡರು. ನನ್ನ ಸಿಟ್ಟೂ ಇಳಿದು, ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ವಾಪಸು ಬರುವಾಗ ಗಾಡಿಯಲ್ಲಿ ಅಪ್ಪ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡು, "ವಕೀಲ್ರು ಏಳಿದ್ದೂ ಇದ್ನೇ ಕಣವ್ವ!" ಎಂದ. ಅವನಿಗೆ ಅದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು.

ನಮ್ಮ ಮನೆ ಮುಂದೆಯೇ ಚಪ್ಪರ ಹಾಕಿ ಮದುವೆ ಮಾಡಿದರು. ಕಂಬ ನೆಡುವಾಗ ಅವ್ವ ಬಂದು ಒಂದೊಂದನ್ನೂ ಅಲುಗಾಡಿಸಿ ನೋಡಿದಳು. "ಈ ಸಲ ಯಾರೂ ಕೀಳಾಕಿಲ್ಲ ಬುಡು" ಎಂದು ಅಪ್ಪ ರೇಗಿಸಿದ.

ಧಾರೆಯ ಹೊತ್ತಿಗೆ ಅಪ್ಪ ಅವ್ವ ಮಣೆಯ ಮೇಲೆ ಅಕ್ಕಪಕ್ಕ ಕೂತರು. ಪುರೋಹಿತರು ಎಲ್ಲ ಮದುವೆಗಳಲ್ಲಿ ಮಾಡುವಂತೆ ಅವ್ವನ ಸೆರಗಿನ ತುದಿಯನ್ನೂ ಅಪ್ಪನ ಶಲ್ಯದ ತುದಿಯನ್ನೂ ಎಳೆದು ಸೇರಿಸಿ ಗಂಟು ಹಾಕಿದರು. ಅವರಿಗೆ ಅದು ದಿನದ ಕೆಲಸ, ಬಾಯಲ್ಲಿ ಮಂತ್ರ, ಕೈಯಲ್ಲಿ ಗಂಟು. ಅವ್ವ ಆ ಗಂಟನ್ನೇ ನೋಡುತ್ತಿದ್ದಳು. ಬೇರೆಯವರಿಗೆಲ್ಲ ಹಾಕಿದ್ದನ್ನು ಕಂಡಿದ್ದಳು, ತನಗೆ ಯಾರೂ ಹಾಕಿರಲಿಲ್ಲ. ಹಾಲಿನ ಗಿಂಡಿ ಎತ್ತಿ ಎಂದು ಪುರೋಹಿತರು ಎರಡು ಸಲ ಹೇಳಬೇಕಾಯಿತು. ನಮ್ಮ ಕೈಗಳ ಮೇಲೆ ಅವಳು ಎರೆದ ಹಾಲು ಸ್ವಲ್ಪ ನನ್ನ ಮಡಿಲಿಗೂ ಬಿತ್ತು.

ಶಾಸ್ತ್ರ ಮುಗಿದ ಮೇಲೆ ಪುರೋಹಿತರು ಗಂಟು ಬಿಚ್ಚಲು ಕೈ ಚಾಚಿದರು. ಅವ್ವ ಅದರ ಮೇಲೆ ಕೈ ಮುಚ್ಚಿದಳು. "ಇರ್ಲಿ ಬುಡಿ ಅಯ್ನೋರೆ. ಊಟ ಆಗ್ಲಿ."

ಊಟವೆಂದರೆ ಅವಳು ಕೂತು ಉಣ್ಣುವವಳೇ? ಪಾಯಸ ತಳ ಹಿಡಿಯುವ ವಾಸನೆ ಬಂದದ್ದೇ ತಡ, ಎದ್ದು ಅಡುಗೆಮನೆಗೆ ನಡೆದಳು. ಅಪ್ಪ ಹಿಂದೆಯೇ ಹೋಗಬೇಕಾಯಿತು. "ಮೆತ್ತಗೆ ಕಣೇ, ಮೆತ್ತಗೆ" ಎನ್ನುತ್ತ ಜನರ ನಡುವೆ ದಾರಿ ಮಾಡಿಕೊಂಡು ಹೋದ. ಹಾಗೇ ಇಬ್ಬರೂ ಪಂಕ್ತಿಗೆ ಬಂದರು. ಅವಳು ಅನ್ನ ಬಡಿಸಿದಳು. ಅವನು ಒಂದು ಕೈಯಲ್ಲಿ ಸಾರಿನ ಪಾತ್ರೆ, ಇನ್ನೊಂದು ಕೈಯಲ್ಲಿ ಗಂಟನ್ನು ಸಾರು ತಾಗದಂತೆ ಎತ್ತಿ ಹಿಡಿದುಕೊಂಡು ಹಿಂದೆ ಹಿಂದೆ ನಡೆದ. ನೆಂಟರು ಉಣ್ಣುವುದು ಬಿಟ್ಟು ನಕ್ಕರು. ನನ್ನ ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ನನ್ನೊಡನೆ ಆಡಿದ ಮೊದಲ ಮಾತು, "ನಿಮ್ಮಪ್ಪ ಅವ್ವ ಯಾಕೆ ಬಿಚ್ಚಿಲ್ಲ?" ಎಂಬುದು. ಈಗ ತಾನೇ ಹಾಕಿದ್ದು ಎಂದೆ.

ಸಂಜೆ ನನ್ನನ್ನು ಗಾಡಿ ಹತ್ತಿಸಿದರು. ಬೀದಿ ತಿರುಗುವಾಗ ಬಾಗಿ ನೋಡಿದೆ. ಇಬ್ಬರೂ ಚಪ್ಪರದ ಕೆಳಗೆ ನಿಂತಿದ್ದರು. ಅವ್ವ ಅಳುತ್ತಿದ್ದಳು. ಕಣ್ಣೊರೆಸಿಕೊಳ್ಳಲು ಸೆರಗು ಎಳೆದಳು. ಸೆರಗಿನ ಜೊತೆ ಅಪ್ಪನ ಶಲ್ಯವೂ ಬಂತು. ಅವಳು ಎರಡರಲ್ಲೂ ಒರೆಸಿಕೊಂಡಳು.